ಲೋಕಾಯುಕ್ತಕ್ಕೆ ಹಲ್ಲು ಕೊಟ್ಟವರು ಯಾರು, ಕಿತ್ತವರು ಯಾರು? ನರಗುಂದದಿಂದ ಶುರುವಾಗುವ ಒಂದು ಕಥೆ

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ಅದನ್ನೇ ಮೊದಲು ಹೇಳಿಬಿಡ್ತೀನಿ.

ನಾನು ರೋಣದ ಹುಡುಗಿ. ಹೊಟ್ಟೆಪಾಡು ಬೆಂಗಳೂರಲ್ಲಿ. ನಮ್ಮ ಚಿಗವ್ವನ ಮಗ ಗಜೇಂದ್ರಗಡದ ಹತ್ತಿರದ ಹಳ್ಳಿಯೊಂದರಲ್ಲಿ ನಾಲ್ಕು ಎಕರೆ ಎರಿ ಹೊಲ ಮಾಡ್ಕೊಂಡಿದಾನೆ. ಕಾಕಾ ತೀರಿಕೊಂಡ ಮೇಲೆ ಹೊಲಕ್ಕೆ ವಾರಸಾ ಹಚ್ಚಿಸಬೇಕಿತ್ತು. ಅಂದ್ರೆ ಉತಾರದಲ್ಲಿ ಅಪ್ಪನ ಹೆಸರು ತೆಗೆದು ಅವ್ವ, ಮಕ್ಕಳ ಹೆಸರು ಕೂಡಿಸೋದು. ಕಾಗದ ಎಲ್ಲಾ ಸರಿ ಇತ್ತು. ಆದ್ರೂ ಒಂದು ಕಚೇರಿಯಲ್ಲಿ ಮೂರು ತಿಂಗಳು "ನಾಳೆ ಬಾ" ಅನ್ನಿಸ್ಕೊಂಡ. ನಾಲ್ಕನೇ ತಿಂಗಳು ಯಾರೋ ಪಕ್ಕಕ್ಕೆ ಕರೆದು ಐದು ಸಾವಿರದ ಮಾತು ಆಡಿದ್ರಂತೆ.

ಅವತ್ತು ರಾತ್ರಿ ಅವನು ಫೋನ್ ಮಾಡಿದ. "ಅಕ್ಕಾ, ಕಚೇರಿ ಗ್ವಾಡಿಗೆ ಲೋಕಾಯುಕ್ತದ್ದು ಒಂದು ಬೋರ್ಡ್ ಹಚ್ಯಾರ. ಲಂಚ ಕೇಳಿದ್ರ ಫೋನ್ ಮಾಡ್ರಿ ಅಂತ ಬರದಾರ. ಮಾಡಿದ್ರ ಏನರ ಆಕ್ಕೈತೇನು? ಇಲ್ಲಾ ಐದು ಸಾವ್ರ ಕೊಟ್ಟು ಕೈ ತೊಳಕೊಳ್ಳಲ್ಯೋ? ನಾಳೆ ಮತ್ತ ಅದ ಕಚೇರಿ ಬಾಗಲಿಗೇ ಹೋಗಬೇಕಲ್ಲ?"

ನಂಗೆ ತಕ್ಷಣ ಉತ್ತರ ಬರಲಿಲ್ಲ. "ಎರಡು ದಿನ ಟೈಮ್ ಕೊಡು" ಅಂದೆ. ಅವನ ಪ್ರಶ್ನೆ ಒಂದೇ ಥರ ಕೇಳಿಸಿದ್ರೂ ಒಳಗೆ ಎರಡಿವೆ. ಒಂದು, ಆ ಬೋರ್ಡ್ ಹಿಂದಿರೋ ಸಂಸ್ಥೆಗೆ ಅಧಿಕಾರ ಇದೆಯಾ? ಇನ್ನೊಂದು, ಆ ಅಧಿಕಾರವನ್ನ ಯಾರ ಮುಲಾಜೂ ಇಲ್ಲದೆ ಬಳಸೋಕೆ ಅದಕ್ಕೆ ಆಗುತ್ತಾ? ನಮ್ಮ ರಾಜ್ಯದ ಲೋಕಾಯುಕ್ತದ ನಲವತ್ತು ವರ್ಷದ ಇತಿಹಾಸ ಅಂದ್ರೆ ಈ ಎರಡು ಪ್ರಶ್ನೆಗಳ ಹಗ್ಗಜಗ್ಗಾಟ. ಅದನ್ನ ಹೇಳೋಕೆ ನಾನು ನಮ್ಮೂರ ಪಕ್ಕದಿಂದಲೇ ಶುರುಮಾಡ್ತೀನಿ. ನರಗುಂದದಿಂದ.

ನರಗುಂದ ಬಂಡಾಯ ಅಂದ್ರೆ ನಮ್ಮ ಕಡೆ ಎರಡು ನೆನಪು. ಒಂದು 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದಿದ್ದು. ಇನ್ನೊಂದು 1980ರ ರೈತರ ಬಂಡಾಯ. ಎರಡನೇದು ನಮ್ಮ ಅಪ್ಪ-ಅಮ್ಮಂದಿರ ಕಾಲದ್ದು. ಆಗ ಗದಗ ಜಿಲ್ಲೆ ಇರಲಿಲ್ಲ, ನರಗುಂದ, ರೋಣ ಎಲ್ಲಾ ಧಾರವಾಡ ಜಿಲ್ಲೆಯೊಳಗೇ ಇದ್ದವು.

ಮಲಪ್ರಭಾ ನದಿಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಬಂತು. ಕಾಲುವೆ ಬಂದವು. ಕಾಲುವೆ ಬಂದ ಮೇಲೆ ಜಮೀನಿನ ಬೆಲೆ ಏರಿದೆ, ಅದಕ್ಕೆ ಕರ ಕಟ್ಟಿ ಅಂತ ಸರ್ಕಾರ ಕೇಳಿತು. ಅದರ ಹೆಸರು ಬೆಟರ್‌ಮೆಂಟ್ ಲೆವಿ. ನೀರಿನ ಕರ ಬೇರೆ. ರೈತರು ಹೇಳಿದ್ದು ಇಷ್ಟು: ಎಷ್ಟೋ ಹೊಲಕ್ಕೆ ನೀರೇ ಸರಿಯಾಗಿ ಮುಟ್ಟಿಲ್ಲ, ಬೆಳೆದ ಹತ್ತಿಗೆ ಬೆಲೆ ಇಲ್ಲ, ಕರ ಮಾತ್ರ ಕಟ್ಟು ಅಂದ್ರೆ ಹೆಂಗೆ? ಈ ಮಾತನ್ನ ಹೇಳೋಕೆ ಅವರಿಗಿದ್ದ ಬಾಗಿಲು ಯಾವುದು? ತಹಶೀಲ್ದಾರ್ ಕಚೇರಿ. ಕರ ವಸೂಲಿ ಮಾಡೋದೂ ಅದೇ ಕಚೇರಿ, ದೂರು ಕೇಳೋದೂ ಅದೇ ಕಚೇರಿ.

1980ರ ಜುಲೈ 21ರಂದು ನರಗುಂದದ ತಹಶೀಲ್ದಾರ್ ಕಚೇರಿ ಮುಂದೆ ರೈತರು ಸೇರಿದ್ರು. ಅದು ಗೋಲಿಬಾರ್‌ನಲ್ಲಿ ಮುಗೀತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಜೀವ ಬಿಟ್ರು. ಪೊಲೀಸರ ಕಡೆಯೂ ಜೀವ ಹೋದವು. ಇವತ್ತಿಗೂ ಜುಲೈ 21ನ್ನ ರೈತ ಹುತಾತ್ಮರ ದಿನ ಅಂತ ಆಚರಿಸ್ತಾರೆ, ರಾಜಕೀಯದ ಎಲ್ಲಾ ಬಣ್ಣದವರೂ ಅಲ್ಲಿಗೆ ಬಂದು ಹೂವಿನ ಹಾರ ಹಾಕ್ತಾರೆ.

ಆ ಕಿಚ್ಚು ರಾಜ್ಯವೆಲ್ಲಾ ಹಬ್ಬಿತು. ಆಗಿದ್ದ ಗುಂಡೂರಾವ್ ಸರ್ಕಾರ 1983ರ ಚುನಾವಣೆಯಲ್ಲಿ ಸೋತಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದ್ರೆ ನರಗುಂದವನ್ನ ಬಿಟ್ಟು ಆ ಸೋಲಿನ ಕಥೆಯನ್ನ ಯಾರೂ ಹೇಳೋದಿಲ್ಲ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದ್ರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಅದರ ಕಾಲದಲ್ಲೇ 1984ರಲ್ಲಿ ಕರ್ನಾಟಕ ಲೋಕಾಯುಕ್ತ ಕಾನೂನು ಬಂತು. ನರಗುಂದದ ಗುಂಡಿನಿಂದಲೇ ಲೋಕಾಯುಕ್ತ ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಆದ್ರೆ ಯಾರ ಮೇಲೆ ದೂರೋ ಅವರ ಹತ್ರವೇ ದೂರು ಹೇಳ್ಬೇಕಾದಾಗ ಏನಾಗುತ್ತೆ ಅನ್ನೋದು ಅವತ್ತು ನರಗುಂದದಲ್ಲಿ ಕಣ್ಣಿಗೆ ಕಂಡಿತ್ತು. ಲೋಕಾಯುಕ್ತದ ಇಡೀ ಕಲ್ಪನೆ ಇರೋದೇ ಆ ಸಮಸ್ಯೆಗೆ.

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ, ಸ್ವೀಡನ್‌ಗೆ. 'ಓಂಬುಡ್ಸ್‌ಮನ್' ಅನ್ನೋ ಪದ ಅಲ್ಲಿಂದ ಬಂದಿದ್ದು. 1713ರಲ್ಲಿ ಅಲ್ಲಿನ ರಾಜ ಹನ್ನೆರಡನೇ ಚಾರ್ಲ್ಸ್ ಯುದ್ಧ ಸೋತು ತುರ್ಕರ ನೆಲದಲ್ಲಿದ್ದ. ಊರಲ್ಲಿ ತನ್ನ ಅಧಿಕಾರಿಗಳು ಸರಿಯಾಗಿ ನಡ್ಕೊಳ್ತಿದಾರಾ ಅಂತ ನೋಡೋಕೆ ಒಬ್ಬ ಓಂಬುಡ್ಸ್‌ಮನ್‌ನ ನೇಮಿಸಿದ. ಅವನು ರಾಜನ ಮನುಷ್ಯ. ರಾಜನ ಪರವಾಗಿ ರಾಜನ ಆಳುಗಳನ್ನ ಕಾಯೋನು. ಸುಮಾರು ನೂರು ವರ್ಷ ಆದ ಮೇಲೆ, 1809ರಲ್ಲಿ, ಅಲ್ಲಿ ರಾಜನೊಬ್ಬನನ್ನ ಇಳಿಸಿ ಹೊಸ ಸಂವಿಧಾನ ತಂದ್ರು. ಆಗ ಸಂಸತ್ತು ತನ್ನದೇ ಓಂಬುಡ್ಸ್‌ಮನ್‌ನ ನೇಮಿಸೋಕೆ ಶುರುಮಾಡಿತು. ಇವನು ರಾಜನಿಗೆ ಉತ್ತರ ಕೊಡಬೇಕಾಗಿರಲಿಲ್ಲ. ಜಗತ್ತು ನಕಲು ಮಾಡಿದ್ದು ಈ ಎರಡನೆಯವನನ್ನ. 1713ರ ಮಾದರಿ, 1809ರ ಮಾದರಿ. ಈ ಎರಡು ಇಸವಿ ನೆನಪಿಟ್ಕೊಳ್ಳಿ, ಬೆಂಗಳೂರಿನ ಕಥೆಯಲ್ಲಿ ಮತ್ತೆ ಬರ್ತವೆ.

ಭಾರತದಲ್ಲಿ 'ಲೋಕಪಾಲ' ಅನ್ನೋ ಹೆಸರು ಕೊಟ್ಟವರು ಸಂಸದರಾಗಿದ್ದ ಎಲ್.ಎಂ. ಸಿಂಘ್ವಿ, 1963ರಲ್ಲಿ. 1966ರಲ್ಲಿ ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕು ಅಂತ ಶಿಫಾರಸು ಮಾಡಿತು. 1968ರಲ್ಲಿ ಮೊದಲ ಲೋಕಪಾಲ ಮಸೂದೆ ಸಂಸತ್ತಿಗೆ ಬಂತು, ಕಾನೂನು ಆಗಲಿಲ್ಲ. ಆಮೇಲೆ ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ಬಿದ್ದುಹೋಯ್ತು. ದೆಹಲಿ ಹಿಂಗೆ ಒದ್ದಾಡ್ತಿರುವಾಗ ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು 1970ರ ದಶಕದಲ್ಲೇ ಲೋಕಾಯುಕ್ತ ಮಾಡ್ಕೊಂಡವು. ನಮ್ಮ ಸರದಿ 1984ರಲ್ಲಿ. 1986ರ ಜನವರಿಯಲ್ಲಿ ಕಾನೂನು ಜಾರಿಗೆ ಬಂತು, ಸುಪ್ರೀಂ ಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರಾದ್ರು.

ಈ ಕಾನೂನು ಒಳ್ಳೆ ಕಾನೂನು. ಮುಖ್ಯಮಂತ್ರಿಯೂ ಇದರ ವ್ಯಾಪ್ತಿಗೆ ಬರ್ತಾರೆ. ಲೋಕಾಯುಕ್ತರ ಅವಧಿ ಐದು ವರ್ಷ, ಎರಡನೇ ಸಲ ಅವಕಾಶ ಇಲ್ಲ. ನಿವೃತ್ತಿ ಆದ ಮೇಲೆ ರಾಜ್ಯ ಸರ್ಕಾರದ ಲಾಭದಾಯಕ ಹುದ್ದೆ ಹಿಡಿಯೋ ಹಾಗಿಲ್ಲ. ಮುಂದೆ ಸಿಗಬಹುದಾದ ಕುರ್ಚಿಯ ಆಸೆಗೆ ಇವತ್ತು ಬಾಗಬಾರದು ಅಂತ. ತೆಗೆದುಹಾಕೋದೂ ಸುಲಭ ಅಲ್ಲ, ವಿಧಾನಸಭೆ, ವಿಧಾನಪರಿಷತ್ತು ಎರಡರಲ್ಲೂ ಮೂರನೇ ಎರಡರಷ್ಟು ಬೆಂಬಲ ಬೇಕು.

ಲೋಕಾಯುಕ್ತದ ತಲೆ ಮೇಲೆ ಎರಡು ಟೋಪಿ ಇವೆ. ಇದು ಗೊತ್ತಾಗದೆ ಬಹಳ ಜನ ಗೊಂದಲ ಮಾಡ್ಕೊಳ್ತಾರೆ, ನಾನೂ ಮಾಡ್ಕೊಂಡಿದ್ದೆ. ಮೊದಲನೇ ಟೋಪಿ 1984ರ ಕಾನೂನಿಂದು. ಜನ ದೂರು ಕೊಡ್ತಾರೆ, ಲೋಕಾಯುಕ್ತ ಅಥವಾ ಉಪಲೋಕಾಯುಕ್ತರು ವಿಚಾರಣೆ ಮಾಡ್ತಾರೆ, ಸರ್ಕಾರಕ್ಕೆ ವರದಿ ಕೊಡ್ತಾರೆ. ಆ ವರದಿ ಶಿಫಾರಸು ಮಾತ್ರ, ತೀರ್ಪಲ್ಲ. ಏನು ಕ್ರಮ ತಗೊಂಡ್ರಿ ಅಂತ ಮೂರು ತಿಂಗಳಲ್ಲಿ ಸರ್ಕಾರ ಹೇಳಬೇಕು. ಸಮಾಧಾನ ಆಗಲಿಲ್ಲ ಅಂದ್ರೆ ಲೋಕಾಯುಕ್ತರು ರಾಜ್ಯಪಾಲರಿಗೆ ವಿಶೇಷ ವರದಿ ಕೊಡಬಹುದು, ಅದು ಸದನದ ಮುಂದೆ ಬರುತ್ತೆ. ಅಷ್ಟೇ.

ಎರಡನೇ ಟೋಪಿ ಲೋಕಾಯುಕ್ತ ಪೊಲೀಸರದ್ದು. ಲಂಚ ತಗೊಳ್ಳುವಾಗ ಬಲೆ ಬೀಸಿ ಹಿಡಿಯೋದು, ಮನೆ ಮೇಲೆ ದಾಳಿ ಮಾಡಿ ಆಸ್ತಿ ಲೆಕ್ಕ ಹಾಕೋದು, ಕೋರ್ಟಿಗೆ ಚಾರ್ಜ್‌ಶೀಟ್ ಹಾಕೋದು. ಈ ಅಧಿಕಾರ ಬರೋದು ಕೇಂದ್ರದ ಭ್ರಷ್ಟಾಚಾರ ತಡೆ ಕಾಯ್ದೆಯಿಂದ. ಟೀವಿಯಲ್ಲಿ ನೀವು ನೋಡೋ ನೋಟಿನ ಕಂತೆ, ಬಂಗಾರದ ರಾಶಿ ಎಲ್ಲಾ ಈ ಟೋಪಿಯ ಕೆಲಸ. ಲೋಕಾಯುಕ್ತದ ಹಲ್ಲು ಇರೋದು ಇಲ್ಲಿ. ಆದ್ರೆ ಆ ಹಲ್ಲು ಸರ್ಕಾರ ಒಂದು ಅಧಿಸೂಚನೆಯಲ್ಲಿ ಕೊಟ್ಟಿದ್ದು. ಅಧಿಸೂಚನೆಯಿಂದ ಕೊಟ್ಟಿದ್ದನ್ನ ಅಧಿಸೂಚನೆಯಿಂದಲೇ ಕಿತ್ಕೊಳ್ಳಬಹುದು ಅಂತ ಸರ್ಕಾರ ಅಂದ್ಕೊಂಡ್ರೆ? ಮುಂದೆ ಅದೇ ಆಯ್ತು.

ಮೊದಲ ಹದಿನೈದು ವರ್ಷ ಲೋಕಾಯುಕ್ತ ಅಂದ್ರೆ ಯಾರಿಗೂ ಅಷ್ಟು ಗೊತ್ತಿರಲಿಲ್ಲ. 2001ರಲ್ಲಿ ನ್ಯಾಯಮೂರ್ತಿ ಎನ್. ವೆಂಕಟಾಚಲ ಬಂದ್ರು. ಆಸ್ಪತ್ರೆ, ಸಬ್‌ರಿಜಿಸ್ಟ್ರಾರ್ ಕಚೇರಿ, ಎಲ್ಲಿ ಅಂದ್ರಲ್ಲಿ ದಿಢೀರ್ ಭೇಟಿ, ಹಿಂದೆ ಟೀವಿ ಕ್ಯಾಮೆರಾ. ನಾನಾಗ ಶಾಲೆಯಲ್ಲಿದ್ದೆ. ನಮ್ಮನೆಯಲ್ಲಿ ಅಜ್ಜ ಧಾರಾವಾಹಿ ನೋಡೋರಲ್ಲ, ವೆಂಕಟಾಚಲ ಯಾರನ್ನ ಬೈದ್ರು ಅಂತ ಸುದ್ದಿ ನೋಡೋರು. ದೊಡ್ಡ ಅಧಿಕಾರಿಯೊಬ್ಬ ಕೈಕಟ್ಟಿ ನಿಂತಿದ್ದನ್ನ ಅವರು ಮೊದಲ ಸಲ ನೋಡಿದ್ದು ಆಗಲೇ.

2006ರಲ್ಲಿ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಬಂದ್ರು. ಬಳ್ಳಾರಿ ಅದಿರಿನ ಕಾಲ ಅದು. ಒಂದು ವಿಚಿತ್ರ ಗಮನಿಸಿ. ಮಂತ್ರಿಗಳ ಮೇಲೆ ಯಾರೂ ದೂರು ಕೊಡದಿದ್ರೂ ತಾವಾಗಿಯೇ ತನಿಖೆ ಶುರುಮಾಡೋ ಅಧಿಕಾರ ಲೋಕಾಯುಕ್ತರಿಗೆ ಇರಲಿಲ್ಲ. ಕೊಡಿ ಅಂತ ವೆಂಕಟಾಚಲ ಕೇಳಿದ್ರು, ಹೆಗ್ಡೆ ಕೇಳಿದ್ರು. ಹಾಗಾಗಿ ಗಣಿ ತನಿಖೆ ಶುರುವಾಗಿದ್ದೂ 2007ರಲ್ಲಿ ಸರ್ಕಾರವೇ ಅದನ್ನ ಲೋಕಾಯುಕ್ತಕ್ಕೆ ಒಪ್ಪಿಸಿದ ಮೇಲೆ. ಒಪ್ಪಿಸಿದವರು ಇಷ್ಟು ಆಳಕ್ಕೆ ಅಗೀತಾರೆ ಅಂತ ಎಣಿಸಿರಲಿಲ್ಲವೋ ಏನೋ. ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಡಿ ಕಲ್ಲು, ಲಾರಿ ಪರ್ಮಿಟ್, ಬ್ಯಾಂಕ್ ಲೆಕ್ಕ ಒಂದೊಂದೇ ಹಿಡಿದು ನೋಡಿತು. 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ ಬಂತು.

2010ರಲ್ಲಿ ಕಾರವಾರ ಕಡೆಯ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಕಾಣೆಯಾಯ್ತು. ಜಪ್ತಿ ಮಾಡಿದ್ದ ಅರಣ್ಯಾಧಿಕಾರಿಯ ಮೇಲೇ ಅಮಾನತಿನ ಕತ್ತಿ ಬಂತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಜೂನ್ 23ರಂದು ಹೆಗ್ಡೆ ರಾಜೀನಾಮೆ ಕೊಟ್ರು. ರಾಜ್ಯದಲ್ಲಿ ಗದ್ದಲ ಎದ್ದಿತು, ದೆಹಲಿಯಿಂದ ಎಲ್.ಕೆ. ಅಡ್ವಾಣಿ ಮಾತಾಡಿದ ಮೇಲೆ ಅವರು ರಾಜೀನಾಮೆ ವಾಪಸ್ ತಗೊಂಡ್ರು. ಆಗ ಸರ್ಕಾರ ಕಾನೂನು ತಿದ್ದಿ ಸ್ವಯಂಪ್ರೇರಿತ ತನಿಖೆಯ ಅಧಿಕಾರವನ್ನ ಕೊಟ್ಟಿತು, ಆದ್ರೆ ಉಪಲೋಕಾಯುಕ್ತರಿಗೆ. ಅಂದ್ರೆ ಅಧಿಕಾರಿಗಳ ಮಟ್ಟಕ್ಕೆ. ಮಂತ್ರಿಗಳ ಬಾಗಿಲಿಗೆ ಬೀಗ ಹಾಗೇ ಉಳೀತು.

2011ರ ಜುಲೈ 27ರಂದು ಹೆಗ್ಡೆ ಗಣಿ ಕುರಿತ ಎರಡನೇ ವರದಿ ಕೊಟ್ರು. ಅಕ್ರಮದಿಂದ ಬೊಕ್ಕಸಕ್ಕೆ ಆದ ನಷ್ಟ ಅಂದಾಜು 16,085 ಕೋಟಿ ರೂಪಾಯಿ ಅಂತ ಅದರಲ್ಲಿತ್ತು, ಮುಖ್ಯಮಂತ್ರಿಯ ಹೆಸರೂ ಇತ್ತು. ಜುಲೈ 31ರಂದು ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದೇ ವಾರದಲ್ಲಿ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2012ರ ಮಾರ್ಚ್‌ನಲ್ಲಿ ಹೈಕೋರ್ಟ್, ಆ ವರದಿ ಆಧಾರದ ಮೇಲೆ ಯಡಿಯೂರಪ್ಪ ವಿರುದ್ಧ ಹಾಕಿದ್ದ ಎಫ್‌ಐಆರ್ ರದ್ದು ಮಾಡಿತು. ಆಮೇಲೆ ಸಿಬಿಐ ನಡೆಸಿದ ಪ್ರಕರಣದಲ್ಲೂ 2016ರ ಅಕ್ಟೋಬರ್‌ನಲ್ಲಿ ವಿಶೇಷ ಕೋರ್ಟ್ ಅವರನ್ನ ಖುಲಾಸೆ ಮಾಡಿತು. ಹೆಗ್ಡೆ ವರದಿ ಸರ್ಕಾರವನ್ನ ಅಲ್ಲಾಡಿಸಿತು, ಕೋರ್ಟಿನ ಸಾಕ್ಷಿ ಆಗಿ ನಿಲ್ಲೋದು ಬೇರೆ ಮಾತು. ಮೊದಲ ಟೋಪಿಗೂ ಎರಡನೇ ಟೋಪಿಗೂ ಇರೋ ಅಂತರ ಇದೇ.

ಅಷ್ಟು ದೊಡ್ಡ ಸಂಸ್ಥೆಯನ್ನ ಮೆತ್ತಗೆ ಮಾಡೋದು ಹೇಗೆ? ಲೋಕಾಯುಕ್ತರನ್ನ ವಜಾ ಮಾಡಬೇಕಾಗಿಲ್ಲ. ಕುರ್ಚಿ ಖಾಲಿ ಬಿಟ್ರೆ ಸಾಕು. ಹೆಗ್ಡೆ ನಂತರ ಬಂದ ನ್ಯಾಯಮೂರ್ತಿ ಶಿವರಾಜ ಪಾಟೀಲ ನಿವೇಶನದ ವಿವಾದ ಎದ್ದಾಗ 2011ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ರು. ಮುಂದಿನ ಲೋಕಾಯುಕ್ತರು ಬಂದಿದ್ದು 2013ರ ಫೆಬ್ರವರಿಯಲ್ಲಿ. ಹದಿನಾರು ತಿಂಗಳ ಮೇಲಾಯ್ತು.

ನಡುವೆ ನೇಮಕದ ಬಗ್ಗೆಯೇ ಒಂದು ಜಗಳ ಸುಪ್ರೀಂ ಕೋರ್ಟ್ ತನಕ ಹೋಯ್ತು. ಕಾನೂನಿನ ಪ್ರಕಾರ ಲೋಕಾಯುಕ್ತ, ಉಪಲೋಕಾಯುಕ್ತರ ಹೆಸರನ್ನ ಮುಖ್ಯಮಂತ್ರಿ ಸೂಚಿಸ್ತಾರೆ, ರಾಜ್ಯಪಾಲರು ನೇಮಿಸ್ತಾರೆ. ಅದಕ್ಕೆ ಮೊದಲು ಐದು ಜನರ ಜೊತೆ ಸಮಾಲೋಚನೆ ಆಗಬೇಕು: ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ವಿಧಾನಸಭೆಯ ಸ್ಪೀಕರ್, ಪರಿಷತ್ತಿನ ಸಭಾಪತಿ, ಎರಡೂ ಸದನದ ವಿರೋಧ ಪಕ್ಷದ ನಾಯಕರು. 2012ರಲ್ಲಿ ನ್ಯಾಯಮೂರ್ತಿ ಚಂದ್ರಶೇಖರಯ್ಯ ಅವರನ್ನ ಉಪಲೋಕಾಯುಕ್ತರಾಗಿ ನೇಮಿಸುವಾಗ ಮುಖ್ಯ ನ್ಯಾಯಮೂರ್ತಿಯನ್ನ ಕೇಳೇ ಇರಲಿಲ್ಲ. ಇದನ್ನ ಪ್ರಶ್ನಿಸಿದವರಲ್ಲಿ ಜಾಣೆಕೆರೆ ಸಿ. ಕೃಷ್ಣ ಒಬ್ಬರು. ಹೈಕೋರ್ಟ್ ನೇಮಕ ರದ್ದು ಮಾಡಿತು. 2013ರ ಜನವರಿ 11ರಂದು ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಮುಖ್ಯ ನ್ಯಾಯಮೂರ್ತಿ ಹೇಳಿದವರನ್ನೇ ನೇಮಿಸಬೇಕು ಅಂತಿಲ್ಲ, ಆದ್ರೆ ಅವರನ್ನ ಕೇಳದೆ ಮಾಡಿದ ನೇಮಕ ನಿಲ್ಲೋದಿಲ್ಲ. ಅಂದ್ರೆ ಕೊನೆಯ ಹೆಸರು ಮುಖ್ಯಮಂತ್ರಿಯದ್ದೇ. ಯಾರನ್ನ ವಿಚಾರಣೆ ಮಾಡಬೇಕಾಗಬಹುದೋ ಅವರೇ ವಿಚಾರಣೆ ಮಾಡೋರ ಹೆಸರು ಸೂಚಿಸ್ತಾರೆ. ಕಾನೂನಿನ ಈ ಗಂಟು ಇವತ್ತಿಗೂ ಬಿಚ್ಚಿಲ್ಲ.

ಆಮೇಲೆ ಬಂದಿದ್ದು ಅತಿ ನೋವಿನ ಅಧ್ಯಾಯ. 2015ರಲ್ಲಿ ಲೋಕಾಯುಕ್ತ ಕಚೇರಿಯ ಹೆಸರಲ್ಲೇ ಅಧಿಕಾರಿಗಳಿಂದ ಹಣ ಸುಲಿಗೆ ಮಾಡ್ತಿದಾರೆ ಅನ್ನೋ ಆರೋಪ ಬಂತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ವೈ. ಭಾಸ್ಕರ್ ರಾವ್ ಅವರ ಮಗನ ಬಂಧನ ಆಯ್ತು. ಡಿಸೆಂಬರ್‌ನಲ್ಲಿ ಭಾಸ್ಕರ್ ರಾವ್ ರಾಜೀನಾಮೆ ಕೊಟ್ರು. ಹಿಂದೆ ವೆಂಕಟಾಚಲರನ್ನ ಟೀವಿಯಲ್ಲಿ ನೋಡ್ತಿದ್ದ ನಮ್ಮಜ್ಜ ಅವತ್ತು ಟೀವಿ ಆರಿಸಿ ಕಟ್ಟೆಗೆ ಹೋಗಿ ಕೂತ್ರು ಅಂತ ಅವ್ವ ಹೇಳ್ತಾಳೆ. ಸ್ವತಂತ್ರವಾಗಿದೆ ಅಂದ ಮಾತ್ರಕ್ಕೆ ಸಂಸ್ಥೆ ಶುದ್ಧವಾಗಿರುತ್ತೆ ಅಂತಲ್ಲ. ಕಾವಲುಗಾರನಿಗೂ ಯಾರಾದ್ರೂ ಲೆಕ್ಕ ಕೇಳ್ಬೇಕು. ಆದ್ರೆ ಲೆಕ್ಕ ಕೇಳೋದು ಬೇರೆ, ಕೋಲು ಕಿತ್ಕೊಳ್ಳೋದು ಬೇರೆ.

ಕೋಲು ಕಿತ್ಕೊಂಡಿದ್ದು ಮೂರು ತಿಂಗಳಲ್ಲೇ. 2016ರ ಮಾರ್ಚ್ 14ರಂದು ಸಿದ್ದರಾಮಯ್ಯ ಸರ್ಕಾರ ಒಂದು ಆದೇಶ ಹೊರಡಿಸಿ ಭ್ರಷ್ಟಾಚಾರ ನಿಗ್ರಹ ದಳ, ಅಂದ್ರೆ ಎಸಿಬಿಯನ್ನ ಹುಟ್ಟುಹಾಕಿತು. ಲೋಕಾಯುಕ್ತ ಪೊಲೀಸರ ಠಾಣೆಯ ಅಧಿಕಾರವನ್ನ ವಾಪಸ್ ತಗೊಂಡಿತು. ಎಸಿಬಿ ಯಾರ ಕೈಕೆಳಗೆ? ಮುಖ್ಯಮಂತ್ರಿ ನೋಡ್ಕೊಳ್ಳೋ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಕೆಳಗೆ. ಈಗ ಸ್ವೀಡನ್ ನೆನಪು ಮಾಡ್ಕೊಳ್ಳಿ. 1809ರಿಂದ 1713ಕ್ಕೆ ವಾಪಸ್. ರಾಜನ ಆಳುಗಳನ್ನ ಕಾಯೋಕೆ ರಾಜನದ್ದೇ ಮನುಷ್ಯ. ಆ ಹೊತ್ತಿಗೆ ಲೋಕಾಯುಕ್ತರ ಕುರ್ಚಿ ಮತ್ತೆ ಖಾಲಿ ಇತ್ತು. 2015ರ ಡಿಸೆಂಬರ್‌ನಿಂದ 2017ರ ಜನವರಿ ತನಕ, ಒಂದು ವರ್ಷಕ್ಕೂ ಮಿಕ್ಕಿ.

ಎಸಿಬಿ ಆರು ವರ್ಷ ಇತ್ತು. ಆ ಆರು ವರ್ಷದಲ್ಲಿ ಕಾಂಗ್ರೆಸ್ ಸರ್ಕಾರ ಇತ್ತು, ಜೆಡಿಎಸ್-ಕಾಂಗ್ರೆಸ್ ಮೈತ್ರಿ ಇತ್ತು, ಬಿಜೆಪಿ ಸರ್ಕಾರವೂ ಇತ್ತು. ವಿರೋಧ ಪಕ್ಷದಲ್ಲಿದ್ದಾಗ ಎಸಿಬಿ ಬೇಡ ಅಂದವರು ಅಧಿಕಾರಕ್ಕೆ ಬಂದ ಮೇಲೆ ತೆಗೀಲಿಲ್ಲ. ಇದು ಒಂದು ಪಕ್ಷದ ಕಥೆ ಅಲ್ಲ ಅನ್ನೋಕೆ ಇಷ್ಟು ಸಾಕಲ್ವಾ?

ಅದನ್ನ ತೆಗೆದಿದ್ದು ಹೈಕೋರ್ಟ್, 2022ರ ಆಗಸ್ಟ್ 11ರಂದು. ಬೆಂಗಳೂರು ವಕೀಲರ ಸಂಘ, ಚಿದಾನಂದ ಅರಸ್ ಮೊದಲಾದವರು ಹಾಕಿದ ಅರ್ಜಿಗಳ ಮೇಲೆ ನ್ಯಾಯಮೂರ್ತಿಗಳಾದ ಬಿ. ವೀರಪ್ಪ, ಕೆ.ಎಸ್. ಹೇಮಲೇಖಾ ಅವರ ಪೀಠ ಎಸಿಬಿ ರಚಿಸಿದ ಆದೇಶವನ್ನೇ ರದ್ದು ಮಾಡಿತು. ಎಲ್ಲಾ ಪ್ರಕರಣಗಳನ್ನ ಲೋಕಾಯುಕ್ತ ಪೊಲೀಸರಿಗೆ ಒಪ್ಪಿಸಿ ಅಂದಿತು. ಶಾಸನಸಭೆ ಕಾನೂನು ಮಾಡಿ ಕಟ್ಟಿದ ಸಂಸ್ಥೆಯ ಬಲವನ್ನ ಸರ್ಕಾರ ಒಂದು ಕಾಗದದ ಆದೇಶದಿಂದ ಕರಗಿಸೋ ಹಾಗಿಲ್ಲ, ಇದು ಆ ತೀರ್ಪಿನ ತಿರುಳು.

ಹಲ್ಲು ವಾಪಸ್ ಬಂದ ಏಳೇ ತಿಂಗಳಿಗೆ, 2023ರ ಮಾರ್ಚ್‌ನಲ್ಲಿ, ಆಗ ಆಳ್ತಿದ್ದ ಪಕ್ಷದ ಶಾಸಕರೊಬ್ಬರ ಮಗನನ್ನ 40 ಲಕ್ಷ ರೂಪಾಯಿ ಲಂಚದ ಆರೋಪದ ಮೇಲೆ ಲೋಕಾಯುಕ್ತ ಪೊಲೀಸರು ಬಲೆಗೆ ಹಾಕಿದ್ರು. ಆರೋಪ ನಿಲ್ಲುತ್ತೋ ಇಲ್ಲವೋ ಕೋರ್ಟ್ ಹೇಳಬೇಕಾದ ಮಾತು. ನಾನು ಹೇಳೋದು ಇಷ್ಟೇ, ಆಳುವ ಪಕ್ಷದ ಮನೆ ಬಾಗಿಲಿಗೆ ಹೋಗೋ ಧೈರ್ಯ ಬಂತು.

ಹಾಗಂತ ಅನುಮಾನ ಮುಗೀಲಿಲ್ಲ. ಲೋಕಾಯುಕ್ತ ಪೊಲೀಸರು ಎಲ್ಲಿಂದ ಬರ್ತಾರೆ? ರಾಜ್ಯ ಪೊಲೀಸ್ ಇಲಾಖೆಯಿಂದ, ನಿಯೋಜನೆ ಮೇಲೆ. ಕೆಲವು ವರ್ಷ ಆದ ಮೇಲೆ ಅಲ್ಲಿಗೇ ವಾಪಸ್. ಮುಡಾ ನಿವೇಶನದ ವಿಷಯದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಆದೇಶದ ಮೇಲೆ ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮೇಲೆಯೇ ಎಫ್‌ಐಆರ್ ಹಾಕಿದ್ರು. ಎಸಿಬಿ ತಂದ ಅದೇ ಮುಖ್ಯಮಂತ್ರಿ. ದೂರುದಾರರು ಏನಂದ್ರು ಅಂದ್ರೆ, ಮುಖ್ಯಮಂತ್ರಿ ಮೇಲಿನ ತನಿಖೆಯನ್ನ ರಾಜ್ಯದ ಪೊಲೀಸರೇ ಮಾಡಿದ್ರೆ ನಂಬೋದು ಹೆಂಗೆ, ಸಿಬಿಐಗೆ ಕೊಡಿ. 2025ರ ಫೆಬ್ರವರಿ 7ರಂದು ಹೈಕೋರ್ಟ್ ಒಪ್ಪಲಿಲ್ಲ, ಲೋಕಾಯುಕ್ತದ ಸ್ವಾತಂತ್ರ್ಯವನ್ನ ಶಂಕಿಸೋಕೆ ಕಾರಣ ಇಲ್ಲ ಅಂದಿತು. ಆಮೇಲೆ ಸಾಕ್ಷ್ಯ ಸಾಲದು ಅಂತ ಪೊಲೀಸರು ಕೋರ್ಟಿಗೆ ವರದಿ ಹಾಕಿದಾಗ ಮತ್ತದೇ ಪ್ರಶ್ನೆ ಎದ್ದಿತು. ಆ ವರದಿ ಸರಿಯೋ ತಪ್ಪೋ ಅನ್ನೋ ವಾದಕ್ಕೆ ನಾನು ಇಳಿಯೋದಿಲ್ಲ. ತನಿಖೆ ಮಾಡುವವರ ಬಡ್ತಿ, ವರ್ಗಾವಣೆ ಸರ್ಕಾರದ ಕೈಯಲ್ಲಿರೋ ತನಕ ಪ್ರಾಮಾಣಿಕ ತನಿಖೆ ಮೇಲೂ ಜನಕ್ಕೆ ಅನುಮಾನ ಬರುತ್ತೆ.

ದೆಹಲಿ ಕಥೆಯನ್ನ ಎರಡು ಮಾತಲ್ಲಿ ಮುಗಿಸ್ತೀನಿ. 2011ರಲ್ಲಿ ಅಣ್ಣಾ ಹಜಾರೆ ಉಪವಾಸದ ನಂತರ ಲೋಕಪಾಲ ಮಸೂದೆಯ ಕರಡು ಸಮಿತಿ ಆಯ್ತಲ್ಲ, ಅದರಲ್ಲಿ ನಮ್ಮ ಸಂತೋಷ್ ಹೆಗ್ಡೆ ಕೂಡ ಇದ್ರು. ಕೊನೆಗೆ 2013ರಲ್ಲಿ ಕಾನೂನು ಪಾಸಾಯ್ತು, 2014ರ ಜನವರಿಯಲ್ಲಿ ಜಾರಿಗೂ ಬಂತು. ಮೊದಲ ಲೋಕಪಾಲರಾಗಿ ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ನೇಮಕ ಆಗಿದ್ದು 2019ರ ಮಾರ್ಚ್‌ನಲ್ಲಿ. ಐದು ವರ್ಷ ಕಾನೂನು ಇತ್ತು, ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಖಾಲಿ ಕುರ್ಚಿಯ ಉಪಾಯ ಬೆಂಗಳೂರಿಗೆ ಮಾತ್ರ ಗೊತ್ತಿದ್ದಲ್ಲ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಇನ್ನೊಂದು ಕಲಂ ಸೇರಿತು. ಅಧಿಕಾರಿ ತಗೊಂಡ ತೀರ್ಮಾನದ ಬಗ್ಗೆ ತನಿಖೆ ಮಾಡಬೇಕಂದ್ರೆ ಮೊದಲು ಸರ್ಕಾರದ ಅನುಮತಿ ಬೇಕು. ಲಂಚ ತಗೊಳ್ಳುವಾಗ ಸ್ಥಳದಲ್ಲೇ ಹಿಡಿಯೋದಕ್ಕೆ ಮಾತ್ರ ಇದು ಅಡ್ಡ ಬರೋದಿಲ್ಲ.

ಸರಿ, ಈಗ ನಮ್ಮ ಹುಡುಗನ ಪ್ರಶ್ನೆಗೆ ವಾಪಸ್ ಬರೋಣ.

ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಇಷ್ಟು ಇತಿಹಾಸ ಅವನಿಗೆ ಹೇಳಲಿಲ್ಲ, ಬೇಕಾದಷ್ಟು ಹೇಳಿದೆ. "ತಮ್ಮಾ, ದುಡ್ಡು ಕೊಟ್ಟಿಲ್ಲ ತಾನೆ? ಕೊಡಬೇಡ. 2018ರಿಂದ ಕಾನೂನು ಹೆಂಗೈತಿ ಅಂದ್ರ ಲಂಚ ಕೊಟ್ಟವನದೂ ತಪ್ಪು. ಬಲವಂತಕ್ಕ ಕೊಟ್ಟಿದ್ರ ಏಳು ದಿನದಾಗ ಪೊಲೀಸರಿಗೆ ಹೇಳಬೇಕು. ಕೊಡೋಕಿಂತ ಮೊದಲ ಗದಗದ ಲೋಕಾಯುಕ್ತ ಪೊಲೀಸರಿಗೆ ಹೇಳಿದ್ರ ಅವರು ಬಲೆ ಹಾಕೋದು ನೋಡ್ತಾರ."

ಅವನು ಬಲೆ ಬೇಡ ಅಂದ. "ನಂಗ ಯಾರನ್ನೂ ಜೇಲಿಗೆ ಹಾಕ್ಸೋದು ಬ್ಯಾಡ ಅಕ್ಕಾ. ನಮ್ಮವ್ವನ ಹೆಸರು ಉತಾರದಾಗ ಬಂದ್ರ ಸಾಕು."

ಅದಕ್ಕೂ ದಾರಿ ಇದೆ, ಮೊದಲನೇ ಟೋಪಿ. ಕೆಲಸ ಎಳೆದಾಡ್ತಿದಾರೆ ಅನ್ನೋದು ಲೋಕಾಯುಕ್ತ ಕಾನೂನಿನ ಭಾಷೆಯಲ್ಲಿ ಕುಂದುಕೊರತೆ. ತೊಂದರೆ ಆಗಿದೆ ಅಂತ ಗೊತ್ತಾದ ಆರು ತಿಂಗಳೊಳಗೆ ದೂರು ಕೊಡಬೇಕು. ಭ್ರಷ್ಟಾಚಾರದಂಥ ಆರೋಪ ಆದ್ರೆ ಐದು ವರ್ಷದ ತನಕ ಅವಕಾಶ ಇದೆ. ದೂರಿಗೆ ನಿಗದಿತ ನಮೂನೆ ಇದೆ, ಜೊತೆಗೆ ಪ್ರಮಾಣಪತ್ರ ಹಚ್ಚಬೇಕು. ಬೇಕಂತಲೇ ಸುಳ್ಳು ದೂರು ಕೊಟ್ರೆ ಶಿಕ್ಷೆ ಇದೆ, ಅದಕ್ಕೇ ದಿನಾಂಕ, ಕಾಗದ ಸರಿಯಾಗಿರಬೇಕು. ಅವನ ಹತ್ರ ಅರ್ಜಿ ಕೊಟ್ಟಾಗಿನ ಸ್ವೀಕೃತಿ ಚೀಟಿ ಇತ್ತು. ಅವರವ್ವ ಅದನ್ನ ದೇವರ ಮಾಡದಲ್ಲಿ ಭಂಡಾರದ ಬಟ್ಟಲ ಕೆಳಗೆ ಇಟ್ಟಿದ್ಲಂತೆ.

ಕಳೆದ ವಾರ ಅವನು ನಮೂನೆ ತುಂಬಿ ನೋಟರಿ ಮಾಡಿಸಿ ಕಳಿಸಿದ. ಕಳಿಸೋ ಮೊದಲು ಫೋಟೊ ತೆಗೆದು ನಂಗೆ ವಾಟ್ಸಾಪ್ ಮಾಡಿದ್ದ. ನಾಲ್ಕು ತಿಂಗಳ ತಿರುಗಾಟವನ್ನ ದಿನಾಂಕ ಸಮೇತ ಬರೆದಿದ್ದ, ಹನ್ನೊಂದು ಸಲ ಹೋಗಿದ್ದ. ಅಕ್ಷರ ತಪ್ಪಿದ್ದವು, ಲೆಕ್ಕ ತಪ್ಪಿರಲಿಲ್ಲ.

"ಈಗ ಹೇಳಕ್ಕಾ, ಏನರ ಆಕ್ಕೈತಿ?" ಅಂತ ಮತ್ತೆ ಕೇಳಿದ.

ನಾನು ಖಾತ್ರಿ ಕೊಡಲಿಲ್ಲ. ಆದ್ರೆ ಹುಡುಕಾಡಿದಾಗ ನಂಗೆ ಕಂಡ ಒಂದು ಸಂಗತಿ ಹೇಳಿದೆ. ಈ ನಲವತ್ತು ವರ್ಷದಲ್ಲಿ ಆ ಸಂಸ್ಥೆಯ ಬಲ ಕುಗ್ಗಿದಾಗೆಲ್ಲಾ ಅದನ್ನ ಮತ್ತೆ ಎತ್ತಿ ನಿಲ್ಲಿಸಿದ್ದು ಅಧಿಕಾರದಲ್ಲಿದ್ದ ಯಾವ ಪಕ್ಷವೂ ಅಲ್ಲ. ನೇಮಕ ತಪ್ಪಾದಾಗ ಒಬ್ಬ ಜಾಣೆಕೆರೆ ಕೃಷ್ಣ ಕೋರ್ಟಿಗೆ ಹೋದ್ರು. ಅದಿರು ಹೋದಾಗ ಧಾರವಾಡದ ಒಂದು ಸಂಘಟನೆ ಹೋಯ್ತು. ಪೊಲೀಸರನ್ನ ಕಿತ್ಕೊಂಡಾಗ ವಕೀಲರು ಹೋದ್ರು. ಎಲ್ಲರ ಕೈಯಲ್ಲೂ ಇದ್ದಿದ್ದು ಒಂದು ಅರ್ಜಿ, ಅದರ ಹಿಂದೆ ಒಂದಷ್ಟು ಕಾಗದ. ಅವನ ಕೈಯಲ್ಲಿ ಇದ್ದಿದ್ದೂ ಅದೇ.

"ಆತು ಬಿಡು. ಬರೂ ಸೋಮವಾರ ಮತ್ತ ಕಚೇರಿಗೆ ಹೊಂಟೀನಿ. ಈ ಸಲ ದೂರಿನ ಝೆರಾಕ್ಸ್ ಕಿಸೆದಾಗ ಇಟ್ಕೊಂಡು ಹೊಕ್ಕೀನಿ" ಅಂದ.

ಅವನ ವಾರಸಾ ಏನಾಯ್ತು ಅಂತ ಮುಂದೆ ಖಂಡಿತ ಹೇಳ್ತೀನಿ. ನಿಮ್ಮ ಮನೆಯಲ್ಲೂ ಯಾವುದಾದ್ರೂ ಕಚೇರಿಗೆ ಹತ್ತು ಸಲ ತಿರುಗಿದ ಅಜ್ಜ, ಅಪ್ಪ, ಅವ್ವ ಇದ್ರೆ ಈ ಸಂಚಿಕೆ ಅವರಿಗೆ ಕೇಳಿಸಿ. ಹಾಗೇ ಅವರ ಸ್ವೀಕೃತಿ ಚೀಟಿ ಎಲ್ಲಿದೆ ಅಂತ ಒಮ್ಮೆ ಕೇಳಿ. ಮತ್ತೆ ಸಿಗೋಣ, ನಮಸ್ಕಾರ.